ಎಷ್ಟು ಎಚ್‌ಪಿ ಅಂತ ಕೇಳುವ ಮೊದಲು

ಬ್ಯಾಡಗಿ ಮೆಣಸಿನಪುಡಿ ತುಂಬುವ ಒಂದು ಪೌಚ್ ಮಷೀನು ನಿಮಿಷಕ್ಕೆ 60 ಪೊಟ್ಟಣ ಹಾಕುತ್ತಿದೆ ಎಂದುಕೊಳ್ಳಿ. ಒಂದು ಪೊಟ್ಟಣಕ್ಕೆ ಸಿಗುವುದು ಒಂದೇ ಸೆಕೆಂಡು. ಅಷ್ಟರಲ್ಲಿ ಫಿಲ್ಮು 150 ಮಿಲಿಮೀಟರ್ ಇಳಿದು ನಿಲ್ಲಬೇಕು, ಮೇಲಿನ ತಿರುಪು ಲೆಕ್ಕದಷ್ಟೇ ಸುತ್ತಿ ಪುಡಿ ಸುರಿಯಬೇಕು, ಬಿಸಿ ದವಡೆ ಕಚ್ಚಿ ಸೀಲ್ ಹಾಕಬೇಕು. ಸೀಲಿಗೆ ಬೇಕಾದ ಹೊತ್ತು ಕಳೆದು ಫಿಲ್ಮ್ ಎಳೆಯುವುದಕ್ಕೆ 0.4 ಸೆಕೆಂಡು ಉಳಿಯಿತು ಅನ್ನಿ. ಪ್ರತಿ ಸಲ ಅರ್ಧ ಮಿಲಿಮೀಟರ್ ತಪ್ಪಿದರೂ 40 ಪೊಟ್ಟಣ ಹೋಗುವಷ್ಟರಲ್ಲಿ ಚಿತ್ರ 20 ಮಿಲಿಮೀಟರ್ ಸರಿದು, ಕಂಪನಿಯ ಹೆಸರೇ ಕತ್ತರಿಗೆ ಸಿಗುತ್ತದೆ.

ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದಂಥ ಕಡೆ ಮಷೀನು ಕಟ್ಟುವ ಮಾತು ಬಂದರೆ ಮೊದಲ ಪ್ರಶ್ನೆ ಗೊತ್ತಿದ್ದದ್ದೇ: ‘ಎಷ್ಟ್ ಎಚ್‌ಪಿ ಹಾಕೂಣ್ರಿ?’ ಪಂಪಿಗೆ, ಹಿಟ್ಟಿನ ಗಿರಣಿಗೆ ಅದು ಸರಿಯಾದ ಪ್ರಶ್ನೆ. ಅಲ್ಲಿ ಮೋಟಾರು ಒಮ್ಮೆ ತಿರುಗತೊಡಗಿದರೆ ಒಂದೇ ವೇಗದಲ್ಲಿ ತಿರುಗುತ್ತಿರುತ್ತದೆ. ಪೌಚ್ ಮಷೀನಿನಲ್ಲಿ ಫಿಲ್ಮ್ ಎಳೆಯುವ ಸರ್ವೋ, ಅಂದರೆ ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟಾರು, ಹಾಗಲ್ಲ. ಅದರ ಆಯುಷ್ಯವೆಲ್ಲ ಹೊರಡುವುದು ಮತ್ತು ನಿಲ್ಲುವುದರಲ್ಲೇ ಕಳೆಯುತ್ತದೆ. ಎಷ್ಟು ದೂರ, ಎಷ್ಟು ಹೊತ್ತಿನಲ್ಲಿ, ನಿಮಿಷಕ್ಕೆ ಎಷ್ಟು ಸಲ ಎಂಬುದು ತಿಳಿಯದೆ ಎಚ್‌ಪಿ ಹೇಳುವಂತಿಲ್ಲ.

ಲೆಕ್ಕ ಮಾಡಿಯೇ ನೋಡೋಣ. ಅರ್ಧ ಹೊತ್ತು ವೇಗ ಏರಿಸಿ ಅರ್ಧ ಹೊತ್ತು ಇಳಿಸಿದರೆ, 0.4 ಸೆಕೆಂಡಿನಲ್ಲಿ 150 ಮಿಲಿಮೀಟರ್ ದಾಟಲು ನಡುವಿನ ಗರಿಷ್ಠ ವೇಗ ಸೆಕೆಂಡಿಗೆ 750 ಮಿಲಿಮೀಟರ್ ಆಗಬೇಕು. ಇನ್ನು ಮಾಲೀಕರು ಉತ್ಪಾದನೆ ಹೆಚ್ಚಿಸಬೇಕು ಎಂದು ಅದೇ ಎಳೆತವನ್ನು 0.2 ಸೆಕೆಂಡಿಗೆ ಇಳಿಸಿದರು ಅನ್ನಿ. ವೇಗ ಎರಡು ಪಟ್ಟಾಯಿತು. ವೇಗೋತ್ಕರ್ಷ ನಾಲ್ಕು ಪಟ್ಟಾಯಿತು, ಅದರ ಜೊತೆಗೆ ವೇಗ ಏರಿಸಲು ಮೋಟಾರು ಕೊಡಬೇಕಾದ ಟಾರ್ಕ್ (ತಿರುಗಿಸುವ ಬಲ) ಕೂಡ. ಟಾರ್ಕನ್ನು ವೇಗದಿಂದ ಗುಣಿಸಿದರೆ ಶಕ್ತಿ. ಅಂದರೆ ಆ ಗರಿಷ್ಠ ಕ್ಷಣದಲ್ಲಿ ಬೇಕಾಗುವ ಶಕ್ತಿ ಎಂಟು ಪಟ್ಟು! ‘ಸ್ವಲ್ಪ ಸ್ಪೀಡ್ ಮಾಡ್ರಿ’ ಅನ್ನುವ ಮಾತಿಗೆ ಇಷ್ಟು ಬೆಲೆ ಇದೆ ಎಂಬುದು ಆರ್ಡರ್ ಕೊಡುವವರಿಗೆ ಸಾಮಾನ್ಯವಾಗಿ ಹೊಳೆಯುವುದಿಲ್ಲ.

ಮೋಟಾರು ಕಂಪನಿಗಳ ಪಟ್ಟಿಯಲ್ಲಿರುವ 750 ವ್ಯಾಟ್, 3000 ಆರ್‌ಪಿಎಂ ಮೋಟಾರು ದಿನವಿಡೀ ಕೊಡಬಲ್ಲ ಟಾರ್ಕ್ 2.39 ನ್ಯೂಟನ್ ಮೀಟರ್. ಕೆಲವು ಸೆಕೆಂಡುಗಳ ಮಟ್ಟಿಗೆ ಸುಮಾರು ಮೂರು ಪಟ್ಟು ಕೊಡುತ್ತದೆ. ಆದ್ದರಿಂದ ಎರಡು ಪರೀಕ್ಷೆ ಬೇಕು: ಹೊರಡುವಾಗಿನ ಟಾರ್ಕ್ ಆ ಮೂರು ಪಟ್ಟಿನೊಳಗೆ ಇರಬೇಕು, ಇಡೀ ಆವರ್ತದ ವರ್ಗಮಧ್ಯಮೂಲ (ಆರ್‌ಎಂಎಸ್) ಟಾರ್ಕ್, ಅಂದರೆ ಮೋಟಾರು ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ಹೇಳುವ ಸರಾಸರಿ, 2.39ರೊಳಗೆ ಇರಬೇಕು. ಮೊದಲನೆಯದರಲ್ಲಿ ಸೋತರೆ ಮಷೀನು ಆಗಲೇ ಟ್ರಿಪ್ ಆಗುತ್ತದೆ. ಎರಡನೆಯದರಲ್ಲಿ ಸೋತರೆ ಟ್ರಯಲ್ ಚೆನ್ನಾಗಿಯೇ ಆಗಿ, ಗಿರಾಕಿಯ ಕಾರ್ಖಾನೆಗೆ ಹೋದ ಮೇಲೆ ಮೋಟಾರು ಬಿಸಿಯೇರುತ್ತ ಹೋಗಿ ಓವರ್‌ಲೋಡ್ ತೋರಿಸುತ್ತದೆ.

ಇದರ ಮೇಲೆ ಜಡತ್ವದ ತೂಕ. ಮೋಟಾರಿನ ರೋಟರಿಗಿಂತ ಅದು ತಿರುಗಿಸುವ ರೋಲರಿನ ಜಡತ್ವ ತೀರಾ ಹೆಚ್ಚಾದರೆ, ಹೇರು ತುಂಬಿದ ಚಕ್ಕಡಿಗೆ ಕರು ಕಟ್ಟಿದಂತೆ: ಎಳೆಯುವ ಕಷ್ಟ ಒಂದಾದರೆ, ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವ ಕಷ್ಟ ಇನ್ನೂ ದೊಡ್ಡದು. ಚುರುಕು ಚಲನೆಗೆ ಈ ಅನುಪಾತ ಐದರಿಂದ ಹತ್ತರೊಳಗೆ ಇರಲಿ ಎಂಬುದು ರೂಢಿ. ಐದಕ್ಕೊಂದರ ಗೇರ್‌ಬಾಕ್ಸ್ ಹಾಕಿದರೆ ಮೋಟಾರಿಗೆ ಕಾಣುವ ಜಡತ್ವ 25ನೇ ಒಂದು ಭಾಗಕ್ಕೆ ಇಳಿಯುತ್ತದೆ. ನಮ್ಮ ರೋಲರಿನ ಸುತ್ತಳತೆ 200 ಮಿಲಿಮೀಟರ್ ಆದರೆ ಅದು ತಿರುಗುವುದು ಹೆಚ್ಚೆಂದರೆ 225 ಆರ್‌ಪಿಎಂ, ಗೇರಿನಾಚೆ ಮೋಟಾರಿನದು 1125. ವೇಗ ದುಪ್ಪಟ್ಟಾದರೂ 2250, ಇನ್ನೂ 3000ದೊಳಗೇ. ದೊಡ್ಡ ಮೋಟಾರು ಕೊಳ್ಳುವ ಮೊದಲು ಗೇರ್‌ಬಾಕ್ಸಿನ ಲೆಕ್ಕ ಹಾಕಿ ನೋಡುವುದು ಒಳ್ಳೆಯದು.

ಮೋಟಾರಿಗೆ ಅಳೆದು ಕರೆಂಟು ಕೊಡುವ ಪೆಟ್ಟಿಗೆಯೇ ಡ್ರೈವ್. ಅದರ ಕೆಲಸವೆಂದರೆ ಬಿಡದೆ ತಿದ್ದುವುದು. ಮೋಟಾರಿನ ಹಿಂದಿನ ಎನ್‌ಕೋಡರು ಶಾಫ್ಟ್ ಎಲ್ಲಿದೆ ಎಂದು ಹೇಳುತ್ತಲೇ ಇರುತ್ತದೆ. ಸ್ಥಾನ, ಅದರೊಳಗೆ ವೇಗ, ಅದರೊಳಗೆ ಕರೆಂಟು, ಹೀಗೆ ಮೂರು ಸುತ್ತಿನ ನಿಯಂತ್ರಣ. ಎಲ್ಲಕ್ಕಿಂತ ಒಳಗಿನದು ಎಲ್ಲಕ್ಕಿಂತ ಚುರುಕು. 17 ಬಿಟ್ ಎನ್‌ಕೋಡರು ಒಂದು ಸುತ್ತನ್ನು 1,31,072 ಭಾಗ ಮಾಡುತ್ತದೆ, 23 ಬಿಟ್ಟಿನದು 83 ಲಕ್ಷಕ್ಕೂ ಹೆಚ್ಚು. ಪೌಚ್ ಮಷೀನಿಗೆ 23 ಬಿಟ್ ಬೇಕೆಂದು ಹಟ ಹಿಡಿಯುವುದು ದುಂದು ಎಂದೇ ನನ್ನ ಅಭಿಪ್ರಾಯ. ಫಿಲ್ಮು ರೋಲರಿನ ಮೇಲೆ ಜಾರಿದರೆ ಎನ್‌ಕೋಡರಿಗೆ ಅದು ಗೊತ್ತೇ ಆಗುವುದಿಲ್ಲ. ಆ ತಪ್ಪನ್ನು ಹಿಡಿಯುವುದು ಫಿಲ್ಮಿನ ಅಂಚಿನ ಕಪ್ಪು ಗುರುತನ್ನು ನೋಡುವ ಸೆನ್ಸರು.

ಪಿಎಲ್‌ಸಿಯಿಂದ (ಇಡೀ ಮಷೀನಿಗೆ ಆಜ್ಞೆ ಕೊಡುವ ಸಣ್ಣ ಕಂಪ್ಯೂಟರಿನಿಂದ) ಡ್ರೈವಿಗೆ ಪಲ್ಸ್ ಕೊಟ್ಟು ನಡೆಸುವುದಾದರೆ ಇನ್ನೊಂದು ಗುಣಾಕಾರ ಇದೆ. ಮೋಟಾರಿನ ಒಂದು ಸುತ್ತಿಗೆ 10,000 ಪಲ್ಸ್ ಇಟ್ಟರೆ 1125 ಆರ್‌ಪಿಎಂಗೆ ಸೆಕೆಂಡಿಗೆ 1,87,500 ಪಲ್ಸ್ ಬೇಕು. ಪಿಎಲ್‌ಸಿಯ ಮಿತಿ 100 ಕಿಲೋಹರ್ಟ್ಜ್, ಅಂದರೆ ಸೆಕೆಂಡಿಗೆ ಒಂದು ಲಕ್ಷ ಪಲ್ಸ್, ಇದ್ದರೆ ಆಗದು. ಡ್ರೈವಿನಲ್ಲಿ ಎಲೆಕ್ಟ್ರಾನಿಕ್ ಗೇರ್ ಎಂಬ ಪ್ಯಾರಾಮೀಟರಿನಲ್ಲಿ (ಸೆಟ್ಟಿಂಗಿನಲ್ಲಿ) ಒಂದು ಸುತ್ತಿಗೆ 5,000 ಮಾಡಿದರೆ 93,750ಕ್ಕೆ ಇಳಿದು ಕೆಲಸ ಸಾಗುತ್ತದೆ.

ಇನ್ನು ಕೂರಿಸುವ ಕೆಲಸ. ಎರಡು ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗ್ ಬಿಗಿಯಾಯಿತೆಂದು ಮೋಟಾರಿನ ಶಾಫ್ಟಿಗೆ ಸುತ್ತಿಗೆ ಏಟು ಹಾಕಬಾರದು, ಏಟು ನೇರ ಹಿಂದಿನ ಎನ್‌ಕೋಡರಿಗೆ ತಟ್ಟುತ್ತದೆ. 200 ವೋಲ್ಟ್ ವರ್ಗದ ಡ್ರೈವಿಗೆ ನಮ್ಮ 415 ವೋಲ್ಟ್ ತ್ರೀ ಫೇಸ್ ನೇರ ಕೊಟ್ಟರೆ ಅಲ್ಲಿಗೆ ಅದರ ಕಥೆ ಮುಗಿಯಿತು, ನಡುವೆ ಟ್ರಾನ್ಸ್‌ಫಾರ್ಮರ್ ಬೇಕು. ‘ಉಲ್ಟಾ ತಿರಗಾಕತ್ತೈತಿ, ಎರಡ ವಾಯರ್ ಬದ್ಲಿ ಮಾಡೋ’ ಎಂಬ ಇಂಡಕ್ಷನ್ ಮೋಟಾರಿನ ಉಪಾಯವೂ ಇಲ್ಲಿ ನಡೆಯದು. ಡ್ರೈವಿನಿಂದ ಮೋಟಾರಿಗೆ ಹೋಗುವ ಯು, ವಿ, ಡಬ್ಲ್ಯು ಎಂಬ ಮೂರು ತಂತಿಗಳ ಸರದಿ ಎನ್‌ಕೋಡರಿನ ಲೆಕ್ಕಕ್ಕೆ ಹೊಂದಿಕೊಂಡಿರುತ್ತದೆ. ಅದಲುಬದಲಾದರೆ ಮೋಟಾರು ತಿರುಗುವ ಬದಲು ಒದ್ದಾಡುತ್ತದೆ, ಇಲ್ಲವೇ ಹಿಡಿತ ತಪ್ಪಿ ಓಡುತ್ತದೆ. ದಿಕ್ಕು ಬದಲಿಸುವುದು ಪ್ಯಾರಾಮೀಟರಿನಲ್ಲಿ.

ಡ್ರೈವಿನೊಳಗೆ ಕರೆಂಟು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡುತ್ತಿರುತ್ತದೆ. ಮೋಟಾರಿನ ಕೇಬಲ್ಲಿನಿಂದ ಆ ಗದ್ದಲ ಹೊರಸೂಸಿ ಎನ್‌ಕೋಡರಿನ ಸಣ್ಣ ಸಿಗ್ನಲ್ಲನ್ನು ಕೆಡಿಸುತ್ತದೆ. ‘ಡ್ರೈವ್ ಖರಾಬ್ ಆಗೈತಿ’ ಎಂದು ವಾಪಸು ಕಳಿಸುವ ಮೊದಲು ಈ ಎರಡು ಕೇಬಲ್ಲು ಒಂದೇ ಡಕ್ಟಿನಲ್ಲಿ ಅಕ್ಕಪಕ್ಕ ಮಲಗಿವೆಯೇ ನೋಡಬೇಕು. ಒಂದು ಗೇಣಿನಷ್ಟಾದರೂ ದೂರವಿಟ್ಟು, ದಾಟಲೇಬೇಕಾದರೆ ಅಡ್ಡಡ್ಡ ದಾಟಿಸಬೇಕು. ಗದ್ದಲ ತಡೆಯಲು ಕೇಬಲ್ಲಿನ ಸುತ್ತ ಇರುವ ಶೀಲ್ಡಿನ ಜಾಲರಿಯನ್ನು ಬಾಲದಂತೆ ಹೊಸೆದು ಕಟ್ಟದೆ, ಸುತ್ತಲೂ ತಾಗುವಂತೆ ಕ್ಲ್ಯಾಂಪಿನಲ್ಲಿ ಹಿಡಿಯಬೇಕು.

ಬಿಸಿಲಿನ ಮಾತು ಗದಗ, ಹಾವೇರಿಯವರಿಗೆ ಹೇಳಬೇಕಿಲ್ಲ. ಮುಚ್ಚಿದ ಪ್ಯಾನಲ್ಲಿನೊಳಗೆ ಹೊರಗಿಗಿಂತ ಹತ್ತು ಡಿಗ್ರಿ ಹೆಚ್ಚಿರುವುದು ಸಾಮಾನ್ಯ. ಡ್ರೈವಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳ ಆಯುಷ್ಯ ಹತ್ತು ಡಿಗ್ರಿ ಏರಿದರೆ ಸುಮಾರು ಅರ್ಧವಾಗುತ್ತದೆ. ಹಾಗಂತ ಪ್ಯಾನಲ್ ಬಾಗಿಲು ತೆರೆದಿಟ್ಟು ಟೇಬಲ್ ಫ್ಯಾನ್ ಹಚ್ಚಿದರೆ ಮೆಣಸಿನಪುಡಿಯ ಧೂಳು ಹೀಟ್‌ಸಿಂಕಿನ ಸಂದಿಯಲ್ಲಿ ಕೂತು ಮೆತ್ತಿಕೊಳ್ಳುತ್ತದೆ. ಇಂಥ ಕಡೆ ಧೂಳು ನುಗ್ಗದ ಪ್ಯಾನಲ್ಲು, ಅದಕ್ಕೊಂದು ಪ್ಯಾನಲ್ ಎಸಿಯ ಖರ್ಚು ತಪ್ಪದು. ಬ್ರೇಕಿಂಗ್ ರೆಸಿಸ್ಟರನ್ನು ಮಾತ್ರ ಪ್ಯಾನಲ್ಲಿನ ಹೊರಗಿಡುವುದು ಲೇಸು: ರೋಲರ್ ನಿಲ್ಲುವಾಗಲೆಲ್ಲ ಮೋಟಾರು ಜನರೇಟರ್ ಆಗಿ ವಾಪಸು ತಳ್ಳುವ ವಿದ್ಯುತ್ತನ್ನು ಅದು ಸುಟ್ಟು ಕಳೆಯುತ್ತದೆ. ಸ್ವಚ್ಛ ಮಾಡಲು ಮೇನ್ ಆಫ್ ಮಾಡಿದ ಕೂಡಲೇ ಕೈ ಹಾಕಬಾರದು. ಕೆಪಾಸಿಟರಿನ ಚಾರ್ಜ್ ಇಳಿಯಲು ಡ್ರೈವಿನ ಮೇಲೆ ಬರೆದಷ್ಟು ಹೊತ್ತು ಕಾಯಬೇಕು, ಚಾರ್ಜ್ ದೀಪ ಆರಿದರೂ ಮೀಟರ್ ಹಿಡಿದು ನೋಡಬೇಕು.

ಮೊದಲ ಸಲ ಮೋಟಾರನ್ನು ಕಪ್ಲಿಂಗ್ ಬಿಚ್ಚಿ ಜಾಗ್ ಮಾಡಿ (ನಿಧಾನ, ಸ್ವಲ್ಪ ಸ್ವಲ್ಪವೇ ತಿರುಗಿಸಿ) ನೋಡಿ. ಆಮೇಲೆ ಕಪ್ಲಿಂಗ್ ಜೋಡಿಸಿ, ಫಿಲ್ಮು ಹಾಕಿಯೇ ಆಟೋ ಟ್ಯೂನಿಂಗ್ (ಡ್ರೈವ್ ತಾನೇ ಹೊಂದಿಸಿಕೊಳ್ಳುವ ಕ್ರಮ) ನಡೆಸಿ. ಖಾಲಿ ಮಷೀನಿನ ಮೇಲೆ ಸಿಕ್ಕ ಗೇನ್, ಅಂದರೆ ತಪ್ಪನ್ನು ಎಷ್ಟು ಜೋರಾಗಿ ತಿದ್ದಬೇಕೆಂಬ ಅಳತೆ, ನಿಜವಾದ ಲೋಡಿಗೆ ಹೊಂದದಿರಬಹುದು. ‘ಕುಂಯ್’ ಎಂಬ ಸದ್ದು ಬಂದರೆ ಗೇನ್ ಹೆಚ್ಚಾಯಿತೆಂದು ತಿಳಿದು ಇಳಿಸಿ, ಇಲ್ಲವೇ ಆ ಒಂದು ಕಂಪನಾಂಕವನ್ನಷ್ಟೇ ತಡೆಯುವ ನಾಚ್ ಫಿಲ್ಟರ್ ಹಾಕಿ. ಎಲ್ಲ ಸರಿಹೋದ ಮೇಲೆ ಪ್ಯಾರಾಮೀಟರುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದು ಪ್ರತಿಯನ್ನು ಗಿರಾಕಿಗೂ ಕೊಡಿ. ಡ್ರೈವ್ ಬದಲಿಸಬೇಕಾಗಿ ಬಂದರೆ ಬ್ಯಾಡಗಿಯ ಎಲೆಕ್ಟ್ರಿಷಿಯನ್ನೇ ಅದನ್ನು ಏರಿಸಿ ಮಷೀನು ಶುರು ಮಾಡಿಕೊಳ್ಳಬಹುದು.