ಆ ಆರ್ಗನ್ ಸೋಲೋ ಯಾರದು?

ರಾಕ್ ಸಂಗೀತದ ದೊಡ್ಡ ಆರ್ಗನ್ ಸೋಲೋಗಳ, ಅಂದರೆ ಆರ್ಗನ್ ಮುಂದೆ ನಿಂತು ನುಡಿಯುವ ಭಾಗಗಳ ಬಗ್ಗೆ ಮಾತು ಶುರುವಾದರೆ ಅದು ಹೆಚ್ಚು ಹೊತ್ತು ಸಂಗೀತದಲ್ಲೇ ಉಳಿಯುವುದಿಲ್ಲ. ಬ್ರಿಟನ್ನಿನ ಪ್ರೋಕಲ್ ಹರಮ್ ತಂಡದ 1967ರ ಹಾಡು 'ಎ ವೈಟರ್ ಶೇಡ್ ಆಫ್ ಪೇಲ್' ಹೆಸರು ಬಂದ ಕೂಡಲೇ ಕೋರ್ಟ್ ಬರುತ್ತದೆ, ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಗಾರ ಬಾಖ್ ಬರುತ್ತಾನೆ, ಶೇಕಡಾ 40ರ ಲೆಕ್ಕವೂ ಬರುತ್ತದೆ. ಅದರಲ್ಲಿ ಆರ್ಗನ್ ನುಡಿಸಿದ ಮ್ಯಾಥ್ಯೂ ಫಿಷರ್, ಹಾಡಿನ ರಚನೆಯಲ್ಲಿ ತನಗೂ ಪಾಲಿದೆ ಎಂದು 2005ರಲ್ಲಿ ಕೋರ್ಟಿಗೆ ಹೋಗಿದ್ದ. ಕೆಲವರು ಅದನ್ನು ಬರೀ ಹಣದ ಜಗಳ ಅಂತಾರೆ. 38 ವರ್ಷ ಸುಮ್ನೆ ಇದ್ದು ಆಮೇಲೆ ಕೇಳಿದ್ದು ಯಾಕೆ ಅನ್ನುವವರೂ ಇದ್ದಾರೆ. ಅದೆಲ್ಲ ಬಾಖ್‌ದೇ ಬಿಡಿ ಅಂತ ಮುಗಿಸಿಬಿಡುವವರೂ ಇದ್ದಾರೆ. ಯಾವ ಮಾತೂ ಪೂರ್ತಿ ಸುಳ್ಳಲ್ಲ, ಆದರೆ ಪೂರ್ತಿ ಸರಿಯೂ ಅಲ್ಲ. ಗಂಟು ಬಿಡಿಸಬೇಕಾದರೆ ವಾದ್ಯದಿಂದಲೇ ಶುರುಮಾಡಬೇಕು.

ಶಿಕಾಗೋದಲ್ಲಿ ಗಡಿಯಾರ ತಯಾರಿಸುತ್ತಿದ್ದ ಲಾರೆನ್ಸ್ ಹ್ಯಾಮಂಡ್ 1935ರಲ್ಲಿ ತನ್ನ ವಿದ್ಯುತ್ ಆರ್ಗನ್ ಮಾರುಕಟ್ಟೆಗೆ ತಂದ. ಒಳಗೆ ಮೋಟಾರು ತಿರುಗಿಸುವ ಹಲ್ಲಿನ ಚಕ್ರಗಳು. ದೊಡ್ಡ ಮಾದರಿಗಳಲ್ಲಿ 91. ಪ್ರತಿ ಚಕ್ರದಿಂದ ಒಂದೊಂದು ಸ್ವರ. ಪೈಪ್ ಆರ್ಗನ್ ಕೊಳ್ಳಲಾಗದ ಸಣ್ಣ ಚರ್ಚುಗಳು ಇದನ್ನು ಕೊಂಡವು. 1940ರ ದಶಕದಲ್ಲಿ ಡಾನ್ ಲೆಸ್ಲಿಯ ತಿರುಗುವ ಸ್ಪೀಕರ್ ಬಂತು, 1950ರ ದಶಕದಲ್ಲಿ ಜಿಮ್ಮಿ ಸ್ಮಿತ್ ಈ ಆರ್ಗನ್ನನ್ನು ಜಾಝ್‌ನಲ್ಲಿ ಜನಪ್ರಿಯ ಮಾಡಿದ, 1960ರ ದಶಕದಲ್ಲಿ ರಾಕ್ ತಂಡಗಳು ಅದನ್ನು ವ್ಯಾನಿಗೆ ಹೇರಿಕೊಂಡು ಊರೂರು ಸುತ್ತಿದವು.

ಈ ವಾದ್ಯದ ಒಂದು ಗುಣವನ್ನು ಇಲ್ಲಿ ಗಮನಿಸಬೇಕು. ಹ್ಯಾಮಂಡ್‌ನ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಸದ್ದು ಒಂದೇ. ಗಿಟಾರ್ ನುಡಿಸುವವನು ತಂತಿ ಎಳೆದು ಒಂದೇ ಸ್ವರದಲ್ಲಿ ಕೇಳುವವರ ಕಣ್ಣಲ್ಲಿ ನೀರು ತರಿಸಬಲ್ಲ. ಆರ್ಗನ್ ನುಡಿಸುವವನಿಗೆ ಆ ದಾರಿ ಇಲ್ಲ. ಅವನ ಕೈಯಲ್ಲಿರುವುದು ದನಿಯ ಬಣ್ಣ ಬದಲಿಸುವ ಡ್ರಾಬಾರ್‌ಗಳು, ಕಾಲ ಕೆಳಗಿನ ಪೆಡಲ್, ಲೆಸ್ಲಿ ಸ್ಪೀಕರಿನ ವೇಗ. ಉಳಿದದ್ದೆಲ್ಲ ಯಾವ ಸ್ವರದ ಮೇಲೆ ಯಾವ ಸ್ವರ ಇಡುತ್ತಾನೆ ಅನ್ನುವುದರಲ್ಲೇ ಇರುತ್ತದೆ. ಹಾಗಾಗಿ ಒಳ್ಳೆಯ ಆರ್ಗನ್ ಸೋಲೋ ಕೇಳಿದಾಗ ನಮಗೆ ನೆನಪಲ್ಲಿ ಉಳಿಯುವುದು ಬೆರಳಿನ ಚಳಕಕ್ಕಿಂತ ಜಾಸ್ತಿ ಒಂದು ಧಾಟಿ. ಅದನ್ನು ಗುನುಗಬಹುದು, ಬರೆದಿಡಬಹುದು. ಅದು ಬರೀ ನುಡಿಸುವಿಕೆಯೋ, ಇಲ್ಲ ಹೊಸ ಸಂಗೀತದ ರಚನೆಯೋ? ಜಗಳದ ಬೇರು ಇರುವುದು ಇಲ್ಲಿ.

ಆ ಕಾಲದ ಪದ್ಧತಿ ಈ ಪ್ರಶ್ನೆಯನ್ನು ಕೇಳುತ್ತಲೇ ಇರಲಿಲ್ಲ. ಹಾಡು ಎಂದರೆ ಸಾಹಿತ್ಯ ಮತ್ತು ಹಾಡುವ ಧಾಟಿ. ಅದನ್ನು ಬರೆದವರ ಹೆಸರು ಪ್ರಕಾಶಕರ ದಾಖಲೆಗೆ ಹೋಗುತ್ತಿತ್ತು. ಸ್ಟುಡಿಯೋದಲ್ಲಿ ಆಮೇಲೆ ಸೇರಿದ್ದೆಲ್ಲ ಅಲಂಕಾರ ಅನ್ನಿಸಿಕೊಳ್ಳುತ್ತಿತ್ತು. ರೆಕಾರ್ಡ್ ಮಾರಾಟದಲ್ಲಿ ನುಡಿಸಿದವರಿಗೂ ಪಾಲು ಸಿಗುತ್ತಿತ್ತು. ಆದರೆ ರಚನೆಯ ರಾಯಲ್ಟಿ ಬೇರೆಯೇ ಹಣ. ರೇಡಿಯೋ, ಜಾಹೀರಾತು, ಸಿನಿಮಾ, ಬೇರೆಯವರು ಮತ್ತೆ ಹಾಡಿದ್ದು, ಎಲ್ಲದರಿಂದಲೂ ಅದು ದಶಕಗಟ್ಟಲೆ ಬರುತ್ತಿರುತ್ತದೆ.

1965ರಲ್ಲಿ ಬಾಬ್ ಡಿಲನ್‌ನ 'ಲೈಕ್ ಎ ರೋಲಿಂಗ್ ಸ್ಟೋನ್' ರೆಕಾರ್ಡಿಂಗ್‌ಗೆ ಗಿಟಾರ್ ನುಡಿಸುವ ಆಸೆಯಿಂದ ಹೋದ ಅಲ್ ಕೂಪರ್ ಕೊನೆಗೆ ಆರ್ಗನ್ ಮುಂದೆ ಕೂತ. ಅವನು ಆರ್ಗನ್ ವಾದಕನೇ ಅಲ್ಲ. ಆದರೂ ಆ ಆರ್ಗನ್ ಇಲ್ಲದೆ ಆ ಹಾಡನ್ನು ನೆನೆಯುವುದು ಕಷ್ಟ, ಅಲ್ವಾ? ರಚನೆ ಎಂಬಲ್ಲಿ ಇರುವುದು ಡಿಲನ್ ಹೆಸರು ಮಾತ್ರ. 1967ರ 'ಲೈಟ್ ಮೈ ಫೈರ್' ಬೇರೆ ದಾರಿ ಹಿಡಿಯಿತು. ಹಾಡನ್ನು ಹೆಚ್ಚಾಗಿ ಬರೆದದ್ದು ಗಿಟಾರ್ ವಾದಕ ರಾಬಿ ಕ್ರೀಗರ್. ಆದರೆ ದಾಖಲೆಯಲ್ಲಿ ಡೋರ್ಸ್ ತಂಡದ ನಾಲ್ವರೂ ಸಮಾನರು. ಹಾಗಾಗಿ ಆರ್ಗನ್ ನುಡಿಸಿದ ರೇ ಮಂಜಾರೆಕ್‌ಗೂ ಪಾಲು ಸಿಕ್ಕಿತು. ವಿಚಿತ್ರವೆಂದರೆ ಏಳು ನಿಮಿಷದ ಆ ಹಾಡನ್ನು ರೇಡಿಯೋಗಾಗಿ ಮೂರು ನಿಮಿಷದೊಳಗೆ ಇಳಿಸಿದಾಗ ಕತ್ತರಿ ಬಿದ್ದದ್ದು ಆರ್ಗನ್ ಮತ್ತು ಗಿಟಾರ್ ಸೋಲೋಗಳಿಗೇ. ಡೀಪ್ ಪರ್ಪಲ್‌ನವರೂ ಐದೂ ಜನರ ಹೆಸರು ಹಾಕುತ್ತಿದ್ದರು. 1972ರ 'ಹೈವೇ ಸ್ಟಾರ್'ನಲ್ಲಿ ಅವರ ಆರ್ಗನ್ ವಾದಕ ಜಾನ್ ಲಾರ್ಡ್ ಬಾಖ್ ಶೈಲಿಯ ಸ್ವರಗಳನ್ನು ಗಿಟಾರಿನ ಮಾರ್ಷಲ್ ಆಂಪ್ಲಿಫೈಯರ್ ಮೂಲಕ ಗುಡುಗಿಸಿದಾಗ ಅವನ ಹೆಸರು ರಚನೆಕಾರರ ಸಾಲಿನಲ್ಲೇ ಇತ್ತು. ಯೆಸ್ ತಂಡದ 'ರೌಂಡ್‌ಅಬೌಟ್'ನಲ್ಲಿ ಹಾಗಿಲ್ಲ. ಅದರ ಆರ್ಗನ್ ಸೋಲೋ ರಿಕ್ ವೇಕ್‌ಮನ್‌ನದು, ರಚನೆ ಎಂದು ಇರುವ ಹೆಸರುಗಳು ಜಾನ್ ಆಂಡರ್ಸನ್ ಮತ್ತು ಸ್ಟೀವ್ ಹೌ. ಅಂದರೆ ಯಾರ ಹೆಸರು ಬರಬೇಕು ಅನ್ನುವುದಕ್ಕೆ ನಿಯಮ ಇರಲಿಲ್ಲ, ತಂಡದೊಳಗಿನ ಒಪ್ಪಂದವೇ ನಿಯಮ.

ಪ್ರೋಕಲ್ ಹರಮ್‌ನಲ್ಲಿ ಆ ಒಪ್ಪಂದಕ್ಕೆ ಹೊತ್ತೇ ಸಿಗಲಿಲ್ಲ. ಗ್ಯಾರಿ ಬ್ರೂಕರ್ ಪಿಯಾನೋದಲ್ಲಿ ಧಾಟಿ ಕಟ್ಟಿದ್ದ, ಕೀತ್ ರೀಡ್ ಸಾಹಿತ್ಯ ಬರೆದಿದ್ದ. 1967ರ ಮಾರ್ಚ್‌ನಲ್ಲೇ ಇಬ್ಬರೂ ಹಕ್ಕನ್ನು ಪ್ರಕಾಶಕರಿಗೆ ಬರೆದುಕೊಟ್ಟಿದ್ದರು. ಆಮೇಲೆ ತಂಡಕ್ಕೆ ಬಂದವನು ಮ್ಯಾಥ್ಯೂ ಫಿಷರ್. ಶಾಸ್ತ್ರೀಯ ಸಂಗೀತ ಕಲಿತ ಹುಡುಗ, ಸ್ವಂತ ಹ್ಯಾಮಂಡ್ ಇತ್ತು. ಹಾಡು ಶುರುವಾಗುವ ಆ ಎಂಟು ಬಾರ್‌ಗಳ (ತಾಳದ ಆವರ್ತಗಳ) ಸೋಲೋ ಅವನದು. ಅದು ಮತ್ತೆ ಮತ್ತೆ ಮರಳಿ ಬರುತ್ತದೆ, ಹಾಡುವಾಗಲೂ ದನಿಯ ಕೆಳಗೆ ಆರ್ಗನ್ ತನ್ನದೇ ದಾರಿಯಲ್ಲಿ ಹರಿಯುತ್ತಿರುತ್ತದೆ. ಏಪ್ರಿಲ್‌ನಲ್ಲಿ ಲಂಡನ್ನಿನ ಒಲಿಂಪಿಕ್ ಸ್ಟುಡಿಯೋದಲ್ಲಿ ರೆಕಾರ್ಡಿಂಗ್, ಮೇ 12ಕ್ಕೆ ಬಿಡುಗಡೆ, ಬ್ರಿಟನ್ನಿನಲ್ಲಿ ಆರು ವಾರ ಒಂದನೇ ಸ್ಥಾನ. ಲೇಬಲ್ ಮೇಲೆ ಇಬ್ಬರದೇ ಹೆಸರು.

ನನಗೆ ಈ ಸೋಲೋ ಎಷ್ಟು ಕೇಳಿದರೂ ಸಾಕಾಗುವುದಿಲ್ಲ. ಮೊದಲ ಸ್ವರವನ್ನು ಫಿಷರ್ ಹಿಡಿದೇ ಇರುತ್ತಾನೆ, ಕೆಳಗೆ ಬಾಸ್, ಅಂದರೆ ತಗ್ಗಿನ ಸ್ವರಗಳ ಸಾಲು, ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋಗುತ್ತದೆ. ಆ ಇಳಿಯುವ ಬಾಸ್‌ನಲ್ಲಿ ಬಾಖ್‌ನ ಪ್ರಸಿದ್ಧ 'ಏರ್'ನ ನೆರಳಿದೆ. ಅದನ್ನು ಬ್ರೂಕರ್ ಕೂಡ ಮುಚ್ಚಿಟ್ಟಿರಲಿಲ್ಲ. ಆದರೆ 'ಏರ್' ಹಾಕಿ ಕೇಳಿ, ಆಮೇಲೆ ಇದನ್ನು ಕೇಳಿ. ಶುರುವಿನ ಹೋಲಿಕೆ ದಾಟಿದ ಮೇಲೆ ಎರಡೂ ಬೇರೆ ಬೇರೆ ಕಡೆ ಹೋಗುತ್ತವೆ. ಕಾಪಿರೈಟ್ ಕಾನೂನು ಕೇಳುವುದೂ ಇಷ್ಟೇ: ಇದರಲ್ಲಿ ನಿನ್ನ ಸ್ವಂತ ಕೌಶಲ ಮತ್ತು ಶ್ರಮ ಇದೆಯೋ ಇಲ್ಲವೋ. ಎಲ್ಲವೂ ಹೊಸದಾಗಿರಬೇಕು ಅಂತ ಅದು ಕೇಳುವುದಿಲ್ಲ.

ಫಿಷರ್ ಆಗಲೇ ತನ್ನ ಪಾಲಿನ ಮಾತು ಎತ್ತಿದ್ದ, ಅದು ಮುಂದೆ ಹೋಗಲಿಲ್ಲ. 1969ರಲ್ಲಿ ತಂಡ ಬಿಟ್ಟ. 1990ರ ದಶಕದ ಆರಂಭದಲ್ಲಿ ತಂಡ ಮತ್ತೆ ಕೂಡಿದಾಗ ವಾಪಸ್ ಬಂದ, 2004ರಲ್ಲಿ ಮತ್ತೆ ಹೊರಬಿದ್ದ. ಅಷ್ಟರಲ್ಲಿ ಅವನ ವೃತ್ತಿ ಕಂಪ್ಯೂಟರ್ ಪ್ರೋಗ್ರಾಮಿಂಗ್ ಆಗಿತ್ತು. 2005ರ ಮೇ ತಿಂಗಳಲ್ಲಿ ಕೇಸು ಹಾಕಿದ.

ಈ ಹೊತ್ತಿಗೆ ಇಂಗ್ಲೆಂಡಿನ ಕೋರ್ಟುಗಳು ಎರಡು ದಿಕ್ಕಿಗೆ ತೀರ್ಪು ಕೊಟ್ಟಾಗಿತ್ತು. 1999ರಲ್ಲಿ ಸ್ಪ್ಯಾಂಡೌ ಬ್ಯಾಲೆ ತಂಡದ ಮೂವರು ರಚನೆಯಲ್ಲಿ ಪಾಲು ಕೇಳಿ ಸೋತರು. ಅವರಲ್ಲಿ ಸ್ಯಾಕ್ಸೊಫೋನ್ ನುಡಿಸಿದವನೂ ಇದ್ದ. ಅದು ನುಡಿಸುವಿಕೆ, ರಚನೆಯಲ್ಲ ಎಂದಿತು ಕೋರ್ಟು. ಅದಾಗಿ ಮೂರ್ನಾಲ್ಕು ವರ್ಷದಲ್ಲಿ ಬ್ಲೂಬೆಲ್ಸ್ ತಂಡದ 'ಯಂಗ್ ಅಟ್ ಹಾರ್ಟ್' ಹಾಡಿನ ಪಿಟೀಲು ಭಾಗ ನುಡಿಸಿದ ಬಾಬಿ ವ್ಯಾಲೆಂಟಿನೋ ಗೆದ್ದ. ಅವನು ತಂಡದವನೂ ಅಲ್ಲ, ಆ ದಿನದ ಕೂಲಿಗೆ ಬಂದು ನುಡಿಸಿದವನು. ಗೆರೆ ಎಲ್ಲಿದೆ ಎಂದು ಯಾರಿಗೂ ಖಚಿತವಾಗಿ ಹೇಳಲು ಬರದ ಸ್ಥಿತಿ ಅದು.

2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್‌ನ ನ್ಯಾಯಮೂರ್ತಿ ಬ್ಲ್ಯಾಕ್‌ಬರ್ನ್, ಫಿಷರ್ ಸಹ-ರಚನೆಕಾರ ಎಂದರು. ಅವನು ಅರ್ಧ ಕೇಳಿದ್ದ, ಸಿಕ್ಕಿದ್ದು ಶೇಕಡಾ 40. ಜನ ಎಡವುವುದು ಇಲ್ಲೇ. ಅದು ಇಡೀ ಹಾಡಿನ 40 ಅಲ್ಲ, ಸಂಗೀತದ ಪಾಲಿನ 40. ರೀಡ್‌ನ ಸಾಹಿತ್ಯದ ಪಾಲನ್ನು ಯಾರೂ ಮುಟ್ಟಲಿಲ್ಲ. ಹಳೆಯ 38 ವರ್ಷಗಳ ಹಣವೂ ಸಿಗಲಿಲ್ಲ, ಕೇಸು ಹಾಕಿದ ದಿನದಿಂದ ಮುಂದಿನದು ಮಾತ್ರ. 2008ರಲ್ಲಿ ಮೇಲ್ಮನವಿ ಕೋರ್ಟು ಅರ್ಧ ತಿರುಗಿಸಿತು. ಸಹ-ರಚನೆಕಾರ ಹೌದು, ಆದರೆ ಇಷ್ಟು ತಡ ಮಾಡಿದ್ದಕ್ಕೆ ರಾಯಲ್ಟಿ ಇಲ್ಲ. ಹೆಸರು ಒಪ್ಪಿ ಪಾಲು ಕೊಡದ ಆ ಮಧ್ಯದ ದಾರಿ ನನಗೆ ಇಂದಿಗೂ ಸರಿ ಕಾಣುವುದಿಲ್ಲ.

2009ರ ಜುಲೈ 30ರಂದು, ಆಗ ಬ್ರಿಟನ್ನಿನ ಅತಿ ಮೇಲಿನ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಐವರು ನ್ಯಾಯಮೂರ್ತಿಗಳು ಒಮ್ಮತದಿಂದ ಫಿಷರ್ ಪರ ನಿಂತರು. ಕಾಪಿರೈಟ್ ತನ್ನದು ಎಂದು ಘೋಷಿಸಿಕೊಳ್ಳಲು ಕಾನೂನಿನಲ್ಲಿ ಗಡುವು ಇಲ್ಲ. ಅವನ ವಿಳಂಬದಿಂದ ಎದುರಿನವರಿಗೆ ನಷ್ಟಕ್ಕಿಂತ ಲಾಭವೇ ಆಗಿತ್ತು, ಅಷ್ಟೂ ವರ್ಷ ಪೂರ್ತಿ ರಾಯಲ್ಟಿ ಅವರಿಗೇ ಹೋಗಿತ್ತು. ತಾನು ಅರವತ್ತರ ದಶಕವನ್ನು ನೆನಪಿಟ್ಟುಕೊಂಡವರಲ್ಲಿ ಒಬ್ಬಳು, ಆ ಆರ್ಗನ್ ಭಾಗ ಬರೆದವನಿಗೆ ಕೊನೆಗೂ ಮನ್ನಣೆ ಸಿಕ್ಕಿದ್ದು ಸಂತೋಷ ಎಂದು ಆ ಐವರಲ್ಲಿ ಒಬ್ಬರಾದ ಬ್ಯಾರೊನೆಸ್ ಹೇಲ್ ತೀರ್ಪಿನಲ್ಲೇ ಬರೆದರು. ಅದೇ ವರ್ಷ, ಬ್ರಿಟನ್ನಿನ ಸಾರ್ವಜನಿಕ ಜಾಗಗಳಲ್ಲಿ 75 ವರ್ಷಗಳಲ್ಲಿ ಅತಿ ಹೆಚ್ಚು ಬಾರಿ ಹಾಕಿದ ಹಾಡು ಇದು ಎಂದು ಪ್ರಕಟವಾಗಿತ್ತು.

ಬ್ರೂಕರ್‌ನ ಕಡೆಯ ಆತಂಕವನ್ನು ತಳ್ಳಿಹಾಕುವಂತಿಲ್ಲ. ಸ್ಟುಡಿಯೋದಲ್ಲಿ ಏನನ್ನೋ ಸೇರಿಸಿದ ಪ್ರತಿಯೊಬ್ಬರೂ ದಶಕಗಳ ಮೇಲೆ ಪಾಲು ಕೇಳಿದರೆ ಹಾಡು ಬರೆಯುವವನ ಗತಿ ಏನು ಎಂಬ ಪ್ರಶ್ನೆ ನಿಜವಾದದ್ದೇ. ಆದರೆ ಪ್ರತಿಯೊಬ್ಬರೂ ಎಂಟು ಬಾರ್‌ಗಳ ಸ್ವಂತ ಧಾಟಿ ಸೇರಿಸುವುದಿಲ್ಲ. ಕೋರ್ಟು ಪಾಲು ಕೊಟ್ಟದ್ದು ಆ ಧಾಟಿಗೆ, ಹಾಜರಿಗಲ್ಲ.

ಇದರಿಂದ ಹಳೆಯ ಆರ್ಗನ್ ಸೋಲೋಗಳ ಲೆಕ್ಕವೆಲ್ಲ ಚುಕ್ತಾ ಆಗಲಿಲ್ಲ. ತೀರ್ಪು ಇಂಗ್ಲೆಂಡಿನದು, ಅಮೆರಿಕದಲ್ಲಿ ಇಂಥ ಹಕ್ಕು ಕೇಳಲು ಮೂರು ವರ್ಷದ ಮಿತಿ ಅಡ್ಡ ಬರುತ್ತದೆ. ಈಗಿನ ತಂಡಗಳು ಸ್ಟುಡಿಯೋದಲ್ಲೇ ಪಾಲು ಬರೆದು ಸಹಿ ಹಾಕುವುದು ಮಾಮೂಲಾಗಿದೆ.

'ಎ ವೈಟರ್ ಶೇಡ್ ಆಫ್ ಪೇಲ್' ವಿಚಾರದಲ್ಲಿ ಇನ್ನೊಂದು ಬದಲಾವಣೆ ಆಯಿತು, ಅದರ ಬಗ್ಗೆ ಮಾತು ಕಡಿಮೆ. ಬ್ರಿಟನ್ನಿನಲ್ಲಿ ಜಂಟಿ ರಚನೆಯ ಕಾಪಿರೈಟ್, ರಚನೆಕಾರರಲ್ಲಿ ಕೊನೆಯವರು ತೀರಿಕೊಂಡ ಮೇಲೆ 70 ವರ್ಷ ನಡೆಯುತ್ತದೆ. ಬ್ರೂಕರ್ 2022ರಲ್ಲಿ ತೀರಿಕೊಂಡ, ರೀಡ್ 2023ರಲ್ಲಿ. ಮೂವರಲ್ಲಿ ಕೊನೆಗೆ ಉಳಿದವನು ಫಿಷರ್. ಹಾಗಾಗಿ ಆ 70 ವರ್ಷಗಳ ಎಣಿಕೆ ಅವನ ಆಯಸ್ಸಿನ ಮೇಲೆ ನಿಂತಿದೆ. ಬ್ರೂಕರ್ ಮತ್ತು ರೀಡ್ ವಾರಸುದಾರರಿಗೆ ಹೋಗುವ ಪಾಲಿಗೂ ಅದೇ ಲೆಕ್ಕ.