ಗ್ರಿಲ್ ನೋಡಿ ಇಸವಿ ಹೇಳಬೇಡಿ

ಗುಜರಿಗೆ ಬಿದ್ದ ಹಳೆಯ ಅಮೆರಿಕನ್ ಪಿಕಪ್ಪಿನ ಫೋಟೋ ತೋರಿಸಿ ‘ಇದು ಎಷ್ಟನೇ ಇಸವಿಯದು’ ಎಂದು ಕೇಳಿದರೆ, ಬಲ್ಲವರೆನಿಸಿಕೊಂಡವರೂ ಮೊದಲು ನೋಡುವುದು ಅದರ ಮುಖವನ್ನೇ. ಗ್ರಿಲ್ಲಿಗೆ ಎಷ್ಟು ಪಟ್ಟಿ, ಹೆಡ್‌ಲೈಟ್ ಎರಡೋ ನಾಲ್ಕೋ, ಬಾನೆಟ್ ಮೇಲೆ ಯಾವ ಹೆಸರು ಎಂದು ನೋಡಿ ಇಸವಿ ಹೇಳಿಬಿಡುತ್ತಾರೆ. ಆದರೆ ಇಡೀ ಗಾಡಿಯಲ್ಲಿ ಬದಲಾಯಿಸಲು ಅತಿ ಸುಲಭವಾದ ಭಾಗಗಳೆಂದರೆ ಇವೇ. ದಶಕಗಟ್ಟಲೆ ಹೊಲದಲ್ಲಿ ದುಡಿದ ಟ್ರಕ್ಕು ಬೇಲಿಗೋ ದನಕ್ಕೋ ಒಮ್ಮೆಯಾದರೂ ಗುದ್ದಿರುತ್ತದೆ. ಮುರಿದ ಗ್ರಿಲ್ ಬಿಚ್ಚಿ, ಹತ್ತಿರದ ಗುಜರಿಯಲ್ಲಿ ಸಿಕ್ಕಿದ್ದನ್ನು ಹಾಕಿರುತ್ತಾರೆ. ಬೋಲ್ಟಿನ ತೂತು ಹೊಂದಿದರೆ ಆಯಿತು, ಇಸವಿ ಕಟ್ಟಿಕೊಂಡು ರೈತನಿಗೇನಾಗಬೇಕು?

ಹಾಗಾಗಿ ನೋಡಬೇಕಾದ ಕ್ರಮವೇ ಬೇರೆ. ಸ್ಪ್ಯಾನರ್‌ನಿಂದ ಬಿಚ್ಚಲಾಗುವ ಭಾಗದ ಸಾಕ್ಷ್ಯಕ್ಕೆ ಬೆಲೆ ಕಡಿಮೆ, ಬೆಸುಗೆ ಕತ್ತರಿಸದೆ ತೆಗೆಯಲಾಗದ ಭಾಗದ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಕ್ಯಾಬಿನ್ನಿನ ತಗಡು, ಅದರಲ್ಲಿ ಕಾರ್ಖಾನೆಯೇ ಕತ್ತರಿಸಿದ ಕಂಡಿಗಳು, ಚಾಸಿ ಮೊದಲು. ಬಾಗಿಲು ಆಮೇಲೆ. ಬಾನೆಟ್, ಮಡ್‌ಗಾರ್ಡ್, ಗ್ರಿಲ್ ಎಲ್ಲಕ್ಕಿಂತ ಕೊನೆಗೆ.

ಅಮೆರಿಕದ ಗುಜರಿಗಳಲ್ಲಿ ಇವತ್ತಿಗೂ ಕಾಣಸಿಗುವ ಷೆವ್ರೊಲೆ 3100 ಎಂಬ ಅರ್ಧ ಟನ್ ಪಿಕಪ್ಪನ್ನೇ ತೆಗೆದುಕೊಳ್ಳಿ. 1947ರ ಬೇಸಿಗೆಯಲ್ಲಿ ಮಾರುಕಟ್ಟೆಗೆ ಬಂದ ಈ ಮಾದರಿ 1955ರ ಮಾರ್ಚ್‌ವರೆಗೆ ನಡೆಯಿತು. ದೂರದಿಂದ ಎಲ್ಲವೂ ಒಂದೇ ಥರ: ಉಬ್ಬಿದ ಮಡ್‌ಗಾರ್ಡು, ದುಂಡು ಚಾವಣಿ. ಜಿಎಂಸಿ ಹೆಸರಿನಲ್ಲಿ ಮಾರಾಟವಾದ ಇದರ ಸೋದರನಿಗೂ ಇದೇ ಕ್ಯಾಬಿನ್. ಎರಡನ್ನೂ ಬೇರೆ ಮಾಡಲು ಹಿಂಬಾಗಿಲ ಮೇಲಿನ ದೊಡ್ಡ ಅಕ್ಷರಗಳನ್ನು ನಂಬುವ ಹಾಗಿಲ್ಲ, ಆ ಬಾಗಿಲು ಕೈಯಲ್ಲೇ ಕಳಚಿ ಬರುತ್ತದೆ. ಬಾಗಿಲ ಕಂಬದ ಮೇಲಿನ ತಗಡಿನ ಫಲಕವನ್ನೂ, ಇಂಜಿನ್ ಮೂಲದ್ದಾಗಿದ್ದರೆ ಅದನ್ನೂ ನೋಡಬೇಕು: 1953ರವರೆಗೆ ಷೆವ್ರೊಲೆಯಲ್ಲಿ ಆರು ಸಿಲಿಂಡರಿನ 216 ಘನ ಇಂಚು, ಅರ್ಧ ಟನ್ ಜಿಎಂಸಿಯಲ್ಲಿ 228.

ಇನ್ನು ಇಸವಿ. ಪೆಟ್ರೋಲ್ ತುಂಬುವ ಬಾಯಿ ಎಲ್ಲಿದೆ ನೋಡಿ. 1947, 48ರ ಗಾಡಿಗಳಲ್ಲಿ ಅದು ಹಿಂದಿನ ಲೋಡ್ ಬಾಡಿಯ ಬಲ ಪಕ್ಕದಲ್ಲಿತ್ತು. 1949ರಲ್ಲಿ ಟ್ಯಾಂಕನ್ನು ಕ್ಯಾಬಿನ್ನಿನ ಒಳಗೆ, ಸೀಟಿನ ಹಿಂದೆ ನಿಲ್ಲಿಸಿದರು. ಆಗ ಬಲಬಾಗಿಲ ಹಿಡಿಕೆಯ ಹಿಂದೆ ಕ್ಯಾಬಿನ್ನಿನ ತಗಡಿನಲ್ಲೇ ತೂತು ಬಂತು. ಎರಡನೆಯದು, ಚಾಲಕನ (ಅಮೆರಿಕದಲ್ಲಿ ಅವನು ಕೂರುವುದು ಎಡಕ್ಕೆ) ಕಾಲಿನ ಬಳಿ ಹೊರಮೈಯಲ್ಲಿದ್ದ ಗಾಳಿಯ ಪುಟ್ಟ ಕಿಂಡಿ: ಅದಕ್ಕೆ 1950ರೇ ಕೊನೆ. ಮೂರನೆಯದು ಮುಂದಿನ ಗಾಜು. 1953ರವರೆಗೆ ನಡುವೆ ಪಟ್ಟಿಯಿದ್ದ ಎರಡು ತುಂಡು, 1954ರಿಂದ ಬಾಗಿದ ಒಂದೇ ಗಾಜು. ಗಾಜು ಬದಲಾಗಬಹುದು, ಆದರೆ ಅದು ಕೂರುವ ಚೌಕಟ್ಟಿನ ಆಕಾರ ಕತ್ತರಿಸದೆ ಬದಲಾಗದು.

ಕ್ಯಾಬಿನ್ನಿನಲ್ಲಿ ಪೆಟ್ರೋಲ್ ತೂತು ಇದೆ, ಎಡಗಡೆಯ ಕಿಂಡಿ ಇಲ್ಲ, ಗಾಜು ಎರಡು ತುಂಡು ಎಂದಾದರೆ ಗ್ರಿಲ್, ಬಾನೆಟ್, ಬಾಗಿಲು ಯಾವುದೂ ಇಲ್ಲದ ಖಾಲಿ ತಗಡು 1951ರಿಂದ 53ರೊಳಗಿನದು ಎಂದು ಖಚಿತವಾಗಿ ಹೇಳಬಹುದು. ಮುಂದೆ ಬಾಗಿಲು. ಮುಂಭಾಗದಲ್ಲಿ ತಿರುಗಿಸುವ ತ್ರಿಕೋನದ ಪುಟ್ಟ ಕಿಟಕಿ ಬಂದದ್ದು 1951ರಲ್ಲಿ. ಆ ವರ್ಷದವರೆಗೆ ಹೊರಗಿನ ಹಿಡಿಕೆಯನ್ನು ಕೆಳಕ್ಕೆ ತಿರುಗಿಸಿ ತೆಗೆಯಬೇಕಿತ್ತು, 1952ರಲ್ಲಿ ಗುಂಡಿ ಒತ್ತುವ ಹಿಡಿಕೆ ಬಂತು. ಸ್ಪೀಡೋಮೀಟರಿನ ಕೊನೆಯ ಅಂಕಿ ಕೂಡ ಅದೇ ವರ್ಷ 80 ಮೈಲಿಯಿಂದ 90ಕ್ಕೆ ಏರಿತು. ಕಂಬದ ಮೇಲಿನ ಫಲಕ 1953ರಲ್ಲಿ ಕಪ್ಪಿನಿಂದ ನೀಲಿಗೆ ತಿರುಗಿತು. ಲೋಡ್ ಬಾಡಿಯ ಮರದ ಹಲಗೆಗಳನ್ನೂ ಎಣಿಸಿ: 1951ರ ನಡುವೆ ಒಂಬತ್ತು ಇದ್ದದ್ದು ಎಂಟಾಯಿತು. ಆದರೆ ಹಲಗೆ ಕೊಳೆಯುವ ವಸ್ತು, ಮೂಲದ್ದು ಉಳಿದಿರುವುದೇ ಅಪರೂಪ.

ಇಲ್ಲೊಂದು ಹಟಮಾರಿ ತಪ್ಪು ನಂಬಿಕೆಯಿದೆ. ಕ್ಯಾಬಿನ್ನಿನ ಹಿಂದಿನ ಎರಡೂ ಮೂಲೆಗಳಲ್ಲಿ ಬಾಗಿದ ಗಾಜಿದ್ದರೆ ‘ಇದು ಇಂಥ ವರ್ಷದ್ದು’ ಎನ್ನುವವರು ಬಹಳ. ಐದು ಕಿಟಕಿಯ ಆ ಕ್ಯಾಬಿನ್ ಹೆಚ್ಚಿಗೆ ದುಡ್ಡು ಕೊಟ್ಟವರಿಗೆ ಎಲ್ಲ ವರ್ಷವೂ ಸಿಗುತ್ತಿತ್ತು. ಅದು ಹೇಳುವುದು ಮೊದಲ ಮಾಲೀಕನ ಜೇಬಿನ ವಿಷಯವನ್ನು ಮಾತ್ರ.

ಈ ತರ್ಕ ಗ್ಯಾರೇಜಿನಲ್ಲಿ ಹುಟ್ಟಿದ್ದಲ್ಲ, ಪುರಾತತ್ತ್ವದವರದು. ಈ ಟ್ರಕ್ಕು ಬಂದ 1947ರಲ್ಲೇ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಭಾರತದ ಪುರಾತತ್ತ್ವ ಇಲಾಖೆಯ ಅಂದಿನ ಮುಖ್ಯಸ್ಥ ಮಾರ್ಟಿಮರ್ ವೀಲರ್ ಅಗೆತ ನಡೆಸಿದರು. ಎರಡು ವರ್ಷ ಮೊದಲು ಪುದುಚೇರಿ ಬಳಿಯ ಅರಿಕಮೇಡುವಿನಲ್ಲಿ, ಕಾಲ ಗೊತ್ತಿದ್ದ ಇಟಲಿಯ ಮಡಕೆಚೂರುಗಳ ಜೊತೆಗೆ ಸಿಕ್ಕ ಸ್ಥಳೀಯ ಮಡಕೆಗಳೇ ಅವರಿಗೆ ಅಳತೆಗೋಲು. ಮಣ್ಣಿನ ಒಂದು ಪದರ ತನ್ನೊಳಗೆ ಸಿಕ್ಕ ಅತಿ ಹೊಸ ವಸ್ತುವಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಆದರೆ ಮೇಲಿನ ಪದರದಿಂದ ಯಾರಾದರೂ ಗುಂಡಿ ತೋಡಿ ಹೊಸದನ್ನು ಕೆಳಗೆ ಹೂತಿದ್ದರೆ ಲೆಕ್ಕ ತಪ್ಪುತ್ತದೆ. ಅದಕ್ಕೇ ಅಗೆಯುವವರು ಗುಂಡಿಯ ಅಂಚಿಗಾಗಿ ಹುಡುಕುತ್ತಾರೆ. ಟ್ರಕ್ಕಿನಲ್ಲಿ ಆ ಅಂಚು ಎಂದರೆ ಒರಟು ಬೆಸುಗೆಯ ಗೆರೆ, ಬಣ್ಣ ಕಿತ್ತುಹೋದ ಬೋಲ್ಟಿನ ತಲೆ, ಬಾಗಿಲ ಒಳಮೈಗೂ ಕಂಬಕ್ಕೂ ಹೊಂದದ ಮೂಲ ಬಣ್ಣ. ಹೊಸ ಭಾಗ ಕಂಡು, ಸುತ್ತ ಅಂಥ ಗುರುತೂ ಕಂಡರೆ ಅದನ್ನು ಲೆಕ್ಕದಿಂದ ಬಿಡಿ.

ಈಗ ಇಂಜಿನ್. ಅದರ ಮೇಲೆ ಎರಡು ಬಗೆಯ ಅಕ್ಷರಗಳಿರುತ್ತವೆ, ಇವನ್ನು ಕಲಸಿಕೊಳ್ಳುವುದೇ ಮುಕ್ಕಾಲು ಗೊಂದಲಕ್ಕೆ ಮೂಲ. ಉಬ್ಬಿದ ಅಕ್ಷರ ಎರಕದ ಮನೆಯಲ್ಲಿ ಹುಟ್ಟಿದ್ದು. ತಗ್ಗಿದ ಅಕ್ಷರ ಆಮೇಲೆ ಪಂಚ್ ಇಟ್ಟು ಹೊಡೆದದ್ದು.

ಉಬ್ಬಕ್ಷರ ಬರುವ ಬಗೆ ಸೊಗಸಾದದ್ದು. ಇಂಜಿನ್ನಿನ ಮುಖ್ಯ ಒಡಲಾದ ಬ್ಲಾಕಿನ ಪಡಿಯಚ್ಚನ್ನು, ಅಂದರೆ ಅದೇ ಆಕಾರದ ಮಾದರಿಯನ್ನು, ಲೋಹದಲ್ಲಿ ಮಾಡಿ, ಸುತ್ತ ಜೇಡಿ ಬೆರೆಸಿದ ಒದ್ದೆ ಮರಳನ್ನು ಬಿಗಿಯಾಗಿ ಗಿಡಿದು, ಪಡಿಯಚ್ಚು ಹೊರತೆಗೆಯುತ್ತಾರೆ. ಉಳಿದ ಪೊಳ್ಳಿಗೆ ಕರಗಿದ ಕಬ್ಬಿಣ ಹುಯ್ಯುತ್ತಾರೆ. ಬೂದು ಎರಕದ ಕಬ್ಬಿಣ ಆರುವಾಗ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ ಪಡಿಯಚ್ಚನ್ನು ಅಷ್ಟು ದೊಡ್ಡದಾಗಿಯೇ ಮಾಡಿರುತ್ತಾರೆ. ಎರಕ ಆರಿದ ಮೇಲೆ ಮರಳನ್ನು ಒಡೆದು ಉದುರಿಸುತ್ತಾರೆ. ಅಂದರೆ ಪ್ರತಿ ಬ್ಲಾಕಿಗೂ ಮರಳಿನ ಅಚ್ಚು ಹೊಸದು, ಪಡಿಯಚ್ಚು ಮಾತ್ರ ಅದೇ. ಪಡಿಯಚ್ಚಿನ ಮೇಲೆ ಉಬ್ಬಾಗಿರುವ ಅಕ್ಷರ ಮರಳಿನಲ್ಲಿ ತಗ್ಗಾಗಿ, ಆ ತಗ್ಗಿಗೆ ಕಬ್ಬಿಣ ತುಂಬಿ ಮತ್ತೆ ಉಬ್ಬಾಗುತ್ತದೆ. ಹೀಗೆ ಮೂಡುವ ಉದ್ದನೆಯ ಎರಕದ ಸಂಖ್ಯೆ ವಿನ್ಯಾಸದ ಗುರುತು. ವಿನ್ಯಾಸ ಬದಲಾಗದೆ ವರ್ಷಗಳು ಕಳೆದರೂ ಸಂಖ್ಯೆ ಅದೇ. ಅದರ ಹತ್ತಿರದ ಗಿಡ್ಡ ಗುರುತು ಹಾಗಲ್ಲ: ಪಡಿಯಚ್ಚಿಗೆ ಬಿಗಿದ ಪುಟ್ಟ ಬಿಲ್ಲೆಯನ್ನು ದಿನದಿನ ಬದಲಾಯಿಸಿ, ಎರಕ ಹುಯ್ದ ತಾರೀಖನ್ನೇ ಮೂಡಿಸುತ್ತಿದ್ದರು.

ಷೆವ್ರೊಲೆಯಲ್ಲಿ ಆ ತಾರೀಖು ಒಂದು ಅಕ್ಷರ, ದಿನ, ಒಂದೇ ಅಂಕಿಯ ವರ್ಷ. ಎ ಅಂದರೆ ಜನವರಿ, ಎಲ್ ಅಂದರೆ ಡಿಸೆಂಬರ್. ‘ಜೆ 22 1’ ಎಂದಿದ್ದರೆ ಅಕ್ಟೋಬರ್ 22, ಒಂದರಲ್ಲಿ ಮುಗಿಯುವ ಇಸವಿ. 1941? 51? 61? ಇದನ್ನು ಬಿಡಿಸುವುದು ಎರಕದ ಸಂಖ್ಯೆ. 216 ಇಂಜಿನ್ 1953ಕ್ಕೆ ನಿಂತಿತು, ಆದ್ದರಿಂದ 61 ಹೋಯಿತು. ಉಳಿದೆರಡರಲ್ಲಿ ಯಾವುದೆಂದು ಆ ಸಂಖ್ಯೆ ಯಾವ ವರ್ಷಗಳ ವಿನ್ಯಾಸದ್ದು ಎಂಬುದರಿಂದ ಗೊತ್ತಾಗುತ್ತದೆ. ಫೋರ್ಡ್ ಇಂಜಿನ್ ಓದುವವರು ಇಲ್ಲಿ ಎಡವುತ್ತಾರೆ. ಫೋರ್ಡ್ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಬರೆಯುತ್ತದೆ. ಒಂದು ಎಂಬ ಅಂಕಿಯಂತೆ ಕಾಣುವ ಐ ಅಕ್ಷರವನ್ನು ಬಿಡುವುದರಿಂದ ಅಲ್ಲಿ ಜೆ ಅಂದರೆ ಸೆಪ್ಟೆಂಬರ್, ಡಿಸೆಂಬರಿಗೆ ಎಂ. ಫೋರ್ಡ್ ಬಿಡಿಭಾಗದ ಸಂಖ್ಯೆ ‘ಸಿ5’ ಎಂದು ಶುರುವಾದರೆ 1965ರ ವಿನ್ಯಾಸ (ಬಿ ಐವತ್ತರ ದಶಕ, ಸಿ ಅರವತ್ತು, ಡಿ ಎಪ್ಪತ್ತು), ಆದರೆ ತಯಾರಾದದ್ದು 1968ರಲ್ಲೂ ಇರಬಹುದು.

ಓದುವುದು ಕೂಡ ಒಂದು ಕೆಲಸವೇ. ಷೆವ್ರೊಲೆಯ ಆರು ಸಿಲಿಂಡರಿನ ಇಂಜಿನ್ನಿನಲ್ಲಿ ಈ ಉಬ್ಬಕ್ಷರಗಳಿಗಾಗಿ ಬ್ಲಾಕಿನ ಬಲ ಪಕ್ಕ, ಹಿಂದುಗಡೆ ಸ್ಟಾರ್ಟರ್ ಇರುವ ಕಡೆ ಹುಡುಕಿ. ಪಂಚ್ ಹೊಡೆದ ಇಂಜಿನ್ ನಂಬರ್ ಡಿಸ್ಟ್ರಿಬ್ಯೂಟರಿನ ಹಿಂದಿನ ಚಪ್ಪಟೆ ದಿಮ್ಮಿಯ ಮೇಲಿರುತ್ತದೆ. ಸೀಮೆಎಣ್ಣೆ ಹಚ್ಚಿ ಜಿಡ್ಡು ನೆನೆಯಲು ಬಿಟ್ಟು, ಮರದ ಚಕ್ಕೆಯಿಂದ ಕೆರೆದು, ಆಮೇಲೆ ವೈರ್ ಬ್ರಷ್ ಆಡಿಸಿ. ಗ್ರೈಂಡರ್ ಮುಟ್ಟಲೇಬೇಡಿ. ಒಣಗಿದ ಮೇಲೆ ಉಬ್ಬಕ್ಷರದ ತಲೆಗೆ ಸೀಮೆಸುಣ್ಣ ಅಡ್ಡಲಾಗಿ ಉಜ್ಜಿ, ಟಾರ್ಚನ್ನು ಮೇಲ್ಮೈಗೆ ಅಂಟಿದಂತೆ ಓರೆಯಾಗಿ ಹಿಡಿದು ಎರಡು ಮೂರು ದಿಕ್ಕಿನಿಂದ ಫೋಟೋ ತೆಗೆಯಿರಿ. ನೇರ ಬೆಳಕಿನಲ್ಲಿ 3 ಮತ್ತು 8, 1 ಮತ್ತು 7 ಒಂದೇ ಆಗಿ ಕಾಣುತ್ತವೆ.

ಗ್ರೈಂಡರ್ ಬೇಡ ಅಂದದ್ದಕ್ಕೆ ಲೋಹಶಾಸ್ತ್ರದ ಕಾರಣವಿದೆ. ಪಂಚ್ ಹೊಡೆದಾಗ ಅಕ್ಷರದ ತಗ್ಗಿನ ಕೆಳಗೂ ಸ್ವಲ್ಪ ಆಳದವರೆಗೆ ಲೋಹದ ಕಣರಚನೆ ನಜ್ಜುಗುಜ್ಜಾಗಿರುತ್ತದೆ. ಕಳ್ಳ ಮೇಲಿನ ಅಕ್ಷರವನ್ನು ಉಜ್ಜಿ ನುಣುಪು ಮಾಡಿದರೂ ಆ ಒತ್ತಡದ ಗುರುತು ಒಳಗೆ ಉಳಿದಿರುತ್ತದೆ. ಉಕ್ಕಿನ ಚಾಸಿಯ ಮೇಲೆ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಕ್ಲೋರೈಡ್ ಕರಗಿಸಿದ ದ್ರಾವಣ ಹಚ್ಚಿದರೆ, ನಜ್ಜಾದ ಜಾಗ ಸುತ್ತಲಿನದಕ್ಕಿಂತ ಬೇರೆ ವೇಗದಲ್ಲಿ ಸವೆದು, ಅಳಿಸಿದ ಅಂಕಿ ಮಸುಕಾಗಿ ಮೇಲೇಳುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳು ಕದ್ದ ವಾಹನಗಳ ನಂಬರ್ ಹೊರತೆಗೆಯುವುದು ಹೀಗೆ. ಎರಕದ ಉಬ್ಬಕ್ಷರಕ್ಕೆ ಈ ಭಾಗ್ಯವಿಲ್ಲ. ಅದು ಮೂಡುವಾಗ ಲೋಹ ದ್ರವವಾಗಿತ್ತು, ಯಾರೂ ಅದನ್ನು ಹೊಡೆದಿಲ್ಲ, ಒಳಗೆ ಯಾವ ಒತ್ತಡವೂ ಉಳಿದಿಲ್ಲ. ಉಜ್ಜಿದರೆ ಪೂರ್ತಿ ಹೋದಂತೆಯೇ.

ಬಾಗಿಲ ಕಂಬದ ಫಲಕ ಉಳಿದಿದ್ದರೆ ಇಷ್ಟೆಲ್ಲ ಪಾಡಿಲ್ಲ ಅನಿಸಬಹುದು. ಓದಲು ಸುಲಭವೇ ಹೌದು. ‘5ಕೆಪಿಎಫ್’ ಎಂದು ಶುರುವಾಗುವ ನಂಬರಿನಲ್ಲಿ 5 ಅಂದರೆ ಕಾನ್ಸಾಸ್ ಸಿಟಿಯ ಕಾರ್ಖಾನೆ, ಕೆಪಿ ಅಂದರೆ 1952ರ 3100 (ಜಿಪಿ 1949, ಎಚ್‌ಪಿ 1950, ಜೆಪಿ 1951), ಎಫ್ ಅಂದರೆ ಜೂನ್. 1953ರಿಂದ ಇನ್ನೂ ಸರಳ, ‘ಎಚ್53’ ಎಂದು ಇಸವಿಯನ್ನೇ ಬರೆದರು. ಆದರೆ ಫಲಕವೂ ಬಿಚ್ಚಿ ಬರುವ ವಸ್ತು. ಅದರ ಮೊಳೆಗಳ ಸುತ್ತ ಬಣ್ಣ ಒಡೆದಿದೆಯೇ ನೋಡಿ. ಒಂದು ಗಾಡಿಯ ಗುರುತಿನ ನಂಬರನ್ನು ಕಿತ್ತು ಇನ್ನೊಂದಕ್ಕೆ ಹಾಕುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ. ಗುಜರಿಯಿಂದ ಕ್ಯಾಬಿನ್ ಕೊಳ್ಳುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಕಾಗದಪತ್ರವನ್ನಂತೂ ಕೊನೆಗೆ ನಂಬಿ. ಆ ಕಾಲದಲ್ಲಿ ಕೆಲವು ರಾಜ್ಯಗಳು ಇಂಜಿನ್ ನಂಬರನ್ನೇ ಗಾಡಿಯ ನಂಬರೆಂದು ನೋಂದಾಯಿಸುತ್ತಿದ್ದವು. ಇಂಜಿನ್ ಬದಲಾದರೆ ಕಾಗದ ಮತ್ತು ಗಾಡಿಯ ದಾರಿ ಬೇರೆಬೇರೆ. ಕೆಲವೆಡೆ ಮಾರಾಟವಾದ ವರ್ಷವನ್ನೇ ಬರೆದುಕೊಂಡರು. ಸಾಲದ್ದಕ್ಕೆ ಅಮೆರಿಕದಲ್ಲಿ ಮುಂದಿನ ವರ್ಷದ ಮಾದರಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಬರುವುದು ವಾಡಿಕೆ. 1951ರ ಅಕ್ಟೋಬರಿನಲ್ಲಿ ಎರಕ ಹುಯ್ದ ಬ್ಲಾಕು 1952ರ ಮಾದರಿಯಲ್ಲಿ ಕೂತಿದ್ದರೆ ಅನುಮಾನಪಡಬೇಕಿಲ್ಲ. ಗಾಡಿ ತಯಾರಾದ ತಿಂಗಳಿಗಿಂತ ಈಚಿನ ಎರಕ ಕಂಡರೆ ಮಾತ್ರ ಇಂಜಿನ್ ಹೊರಗಿನಿಂದ ಬಂದದ್ದು ಎಂದು ತಿಳಿಯಿರಿ.

ಬೇರೆ ಕಂಪನಿಯ, ಬೇರೆ ಕಾಲದ ಪಿಕಪ್ಪುಗಳಿಗೂ ಇದೇ ದಾರಿ, ಗುರುತುಗಳು ಮಾತ್ರ ಬೇರೆ. 1956ರ ಫೋರ್ಡ್ ಎಫ್-100ರಲ್ಲಿ ಮುಂಗಾಜು ಪಕ್ಕಕ್ಕೂ ಸುತ್ತಿಕೊಂಡು, ಬಾಗಿಲ ಮುಂದಿನ ಕಂಬ ನೆಟ್ಟಗೆ ನಿಂತಿದೆ. ಆ ಸರಣಿಯಲ್ಲಿ ಅಂಥ ಕ್ಯಾಬಿನ್ ಬಂದದ್ದು ಆ ಒಂದೇ ವರ್ಷ. 1967 ಮತ್ತು 68ರ ಷೆವ್ರೊಲೆ ಪಿಕಪ್ಪುಗಳನ್ನು ಬೇರೆ ಮಾಡುವುದು ಪಕ್ಕದ ಪುಟ್ಟ ದೀಪ, ಸುರಕ್ಷತಾ ನಿಯಮದಿಂದಾಗಿ ಅದು 1968ರಲ್ಲಿ ಸೇರಿತು. ಎಫ್-150 ಎಂಬ ಹೆಸರು ಕಂಡರೆ 1975ಕ್ಕಿಂತ ಹಿಂದೆ ಹೋಗಬೇಡಿ. ಹೊರೆ ಸೇರಿದ ಒಟ್ಟು ತೂಕ 6,000 ಪೌಂಡ್ ದಾಟಿಸಿ ಆಗಿನ ಹೊಗೆ ನಿಯಮದಿಂದ ನುಣುಚಿಕೊಳ್ಳಲೆಂದೇ ಆ ಮಾದರಿ ಹುಟ್ಟಿತು. 1981ರ ಮಾದರಿಯಿಂದ ಈಚೆಗೆ 17 ಅಕ್ಷರದ ಗುರುತು ಸಂಖ್ಯೆ ಕಡ್ಡಾಯವಾಗಿ, ಹತ್ತನೆಯ ಅಕ್ಷರವೇ ವರ್ಷ ಹೇಳುತ್ತದೆ: ಬಿ 1981, ಸಿ 1982. 30 ವರ್ಷಕ್ಕೆ ಅದೇ ಅಕ್ಷರ ಮರಳುವುದರಿಂದ 2011ಕ್ಕೂ ಬಿಯೇ. ಗುಜರಿಯ ತುಕ್ಕು ನೋಡಿದರೆ ಈ ಗೊಂದಲ ತಾನಾಗಿ ಪರಿಹಾರವಾಗುತ್ತದೆ ಅನ್ನಿ.

ಬಿಡಿಭಾಗ ತರಿಸಬೇಕಾಗಿ ಇಸವಿ ಹುಡುಕುತ್ತಿದ್ದರೆ ಇಡೀ ಗಾಡಿಗೆ ಒಂದೇ ಇಸವಿ ಬೇಕಾಗಿಯೂ ಇಲ್ಲ. ಮುಂಗಾಜಿನ ರಬ್ಬರಿಗೆ ಕ್ಯಾಬಿನ್ನಿನ ವರ್ಷ ಹೇಳಿ. ಬ್ರೇಕಿನ ವೀಲ್ ಸಿಲಿಂಡರಿಗೆ ಆಕ್ಸಲ್ ಯಾವುದೆಂದು ನೋಡಿ. 1955ರಲ್ಲಿ, ಹಳೆಯ ಕ್ಯಾಬಿನ್ ಇನ್ನೂ ನಡೆಯುತ್ತಿದ್ದಾಗಲೇ, ಕೊಳವೆಯೊಳಗೆ ಮುಚ್ಚಿದ್ದ ಡ್ರೈವ್ ಶಾಫ್ಟ್ ಹೋಗಿ ತೆರೆದದ್ದು ಬಂತು, ಆದ್ದರಿಂದ ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸಲನ್ನು ಜೋಡಿಯಾಗಿಯೇ ಪರೀಕ್ಷಿಸಬೇಕು. ವಾಟರ್ ಪಂಪಿಗೆ ಇಂಜಿನ್ನೂ ಬೇಕು, ಗಾಡಿಯೂ ಬೇಕು: 1952ರ ಗಾಡಿಯಲ್ಲಿ ಷೆವ್ರೊಲೆಯದೇ 1955ರ ನಂತರದ 235 ಘನ ಇಂಚಿನ ಇಂಜಿನ್ ಕೂರಿಸಿದ್ದರೆ ಆ ಇಂಜಿನ್ನಿನ ಸ್ವಂತ ಪಂಪ್ ಸರಿಬರುವುದಿಲ್ಲ. ಹಳೆಯ 216ರ ಪಂಪನ್ನು ನಡುವೆ ಒಂದು ಅಡಾಪ್ಟರ್ ಪ್ಲೇಟ್ ಇಟ್ಟು ಬಿಗಿಯುತ್ತಾರೆ. ಪಂಪಿನ ಹಿಂದೆ ಅಂಥ ಪ್ಲೇಟ್ ಕಂಡರೆ, ಬ್ಲಾಕಿನ ಜಿಡ್ಡು ಕೆರೆಯುವ ಮೊದಲೇ ಇಂಜಿನ್ ಬದಲಾಗಿದೆ ಎಂದು ಬರೆದುಕೊಳ್ಳಬಹುದು.