ಪದ ಪರಿಚಯ: ಮಹಾಧರ್ಮಕ್ಷೇತ್ರ

‘ಬೆಂಗಳೂರು ಮಹಾಧರ್ಮಕ್ಷೇತ್ರ’ ಎಂದು ಪತ್ರಿಕೆಯಲ್ಲಿ ಓದಿದವರಿಗೆ ಮೊದಲು ನೆನಪಾಗುವುದು ಯಾವುದೋ ಯಾತ್ರಾಸ್ಥಳ, ಇಲ್ಲವೇ ಭಗವದ್ಗೀತೆಯ ಮೊದಲ ಸಾಲು. ಆದರೆ ಅದು ಕ್ಯಾಥೊಲಿಕ್ ಚರ್ಚಿನ ಆಡಳಿತ ವಿಭಾಗವೊಂದರ ಹೆಸರು. ಇಲ್ಲಿನ ‘ಕ್ಷೇತ್ರ’ಕ್ಕೆ ವಿಧಾನಸಭಾ ಕ್ಷೇತ್ರ ಎನ್ನುವಾಗಿನ ಅರ್ಥವೇ ಹತ್ತಿರ: ಗಡಿ ಗುರುತಿಸಿದ ನೆಲ, ಅದಕ್ಕೊಬ್ಬ ಹೊಣೆಗಾರ. ಧರ್ಮಕ್ಷೇತ್ರಕ್ಕೆ ಇಂಗ್ಲಿಷಿನಲ್ಲಿ ‘ಡಯಾಸಿಸ್’. ಆ ಪದದ ಗ್ರೀಕ್ ಮೂಲಕ್ಕೂ ಆಡಳಿತ ಎಂದೇ ಅರ್ಥ. ರೋಮನ್ ಸಾಮ್ರಾಜ್ಯದಲ್ಲಿ ಅದು ಸರ್ಕಾರಿ ವಿಭಾಗವೊಂದರ ಹೆಸರು. ಸಾಮ್ರಾಜ್ಯ ಅಳಿಯಿತು, ಹೆಸರು ಚರ್ಚಿನಲ್ಲಿ ಉಳಿಯಿತು. ಮಂಗಳೂರಿನ ಕಡೆ ‘ಧರ್ಮಪ್ರಾಂತ್ಯ’ ಎನ್ನುತ್ತಾರೆ. ನನ್ನ ಮಟ್ಟಿಗೆ ಅದೇ ಮೇಲು, ಗೊಂದಲ ಕಡಿಮೆ.

ಧರ್ಮಕ್ಷೇತ್ರಕ್ಕೆ ಬಿಷಪ್, ಅಂದರೆ ಧರ್ಮಾಧ್ಯಕ್ಷ. ಮಹಾಧರ್ಮಕ್ಷೇತ್ರಕ್ಕೆ ಆರ್ಚ್‌ಬಿಷಪ್. ಹಾಗಾದರೆ ಈ ‘ಮಹಾ’ ಯಾವುದಕ್ಕೆ? ಹಿರಿತನಕ್ಕಂತೂ ಅಲ್ಲ. ಮೈಸೂರು 1886ರಲ್ಲೇ ಧರ್ಮಕ್ಷೇತ್ರವಾಗಿತ್ತು. ಅದರ ಬಿಷಪ್ಪರ ಪೀಠ ಇದ್ದದ್ದು ಮಾತ್ರ ಬೆಂಗಳೂರಿನ ಸೇಂಟ್ ಪ್ಯಾಟ್ರಿಕ್ ಚರ್ಚಿನಲ್ಲಿ! 1940ರಲ್ಲಿ ಮೈಸೂರನ್ನು ಒಡೆದು ಬೆಂಗಳೂರನ್ನು ಬೇರೆ ಧರ್ಮಕ್ಷೇತ್ರ ಮಾಡಿದರು. 13 ವರ್ಷ ಕಳೆದು, 1953ರ ಸೆಪ್ಟೆಂಬರ್ 19ರಂದು, ಅದೇ ಮಹಾಧರ್ಮಕ್ಷೇತ್ರವಾಯಿತು. ಥಾಮಸ್ ಪೋತಕಮೂರಿ ಮೊದಲ ಆರ್ಚ್‌ಬಿಷಪ್ ಆದರು. ಮೈಸೂರು ಅದರ ಪ್ರಾಂತದೊಳಕ್ಕೆ, ಅಂದರೆ ಅದರ ಮುಂದಾಳ್ತನದ ಧರ್ಮಕ್ಷೇತ್ರಗಳ ಗುಂಪಿನೊಳಕ್ಕೆ, ಬಂತು. ‘ಮಹಾ’ ಎನ್ನುವುದು ಈ ಮುಂದಾಳ್ತನಕ್ಕೆ. ಮಗಳ ಮನೆಯೇ ದೊಡ್ಡಮನೆಯಾದ ಹಾಗೆ. ಮಂಗಳೂರು, ಬೆಳಗಾವಿ, ಬಳ್ಳಾರಿ, ಚಿಕ್ಕಮಗಳೂರು, ಕಾರವಾರ, ಶಿವಮೊಗ್ಗ, ಕಲಬುರಗಿ, ಉಡುಪಿ ಇವೂ ಇಂದು ಇದೇ ಪ್ರಾಂತಕ್ಕೆ ಸೇರಿವೆ.

ಹಾಗೆಂದು ಆರ್ಚ್‌ಬಿಷಪ್ ಉಳಿದ ಬಿಷಪ್ಪರ ಮೇಲಧಿಕಾರಿಯೇನಲ್ಲ. ಸುದ್ದಿಗಳಲ್ಲಿ ಪದೇ ಪದೇ ತಪ್ಪುವುದು ಇಲ್ಲೇ. ಮಂಗಳೂರಿನ ಪಾದ್ರಿಯೊಬ್ಬರನ್ನು ವರ್ಗ ಮಾಡುವುದು ಮಂಗಳೂರಿನ ಬಿಷಪ್. ಬೆಂಗಳೂರು ಅದರಲ್ಲಿ ಕೈಹಾಕುವಂತಿಲ್ಲ. ಬಿಷಪ್ಪರನ್ನು ನೇಮಿಸುವವರು ಪೋಪ್, ಅವರು ಉತ್ತರ ಕೊಡಬೇಕಾದದ್ದೂ ಪೋಪರಿಗೇ. ಪ್ರಾಂತದಲ್ಲಿ ವಿಶ್ವಾಸ, ಶಿಸ್ತು ಕೆಟ್ಟರೆ ರೋಮಿಗೆ ತಿಳಿಸುವುದು ಆರ್ಚ್‌ಬಿಷಪ್ಪರ ಕೆಲಸ. ಬಿಷಪ್ಪರ ಸ್ಥಾನ ತೆರವಾಗಿ, ಅಲ್ಲಿನ ಗುರುಗಳ, ಅಂದರೆ ಪಾದ್ರಿಗಳ, ಮಂಡಳಿ 8 ದಿನದೊಳಗೆ ತಾತ್ಕಾಲಿಕ ಆಡಳಿತಾಧಿಕಾರಿಯನ್ನು ಆರಿಸದೇ ಹೋದರೆ ಆರ್ಚ್‌ಬಿಷಪ್ಪರೇ ನೇಮಿಸಬಹುದು. ಹೆಚ್ಚುಕಡಿಮೆ ಅಷ್ಟೇ. ಕಣ್ಣಿಗೆ ಕಾಣುವ ಗುರುತೆಂದರೆ ‘ಪಾಲಿಯಂ’: 6 ಕಪ್ಪು ಶಿಲುಬೆಗಳಿರುವ, ಹೆಗಲ ಸುತ್ತ ಧರಿಸುವ ಬಿಳಿ ಉಣ್ಣೆಯ ಪಟ್ಟಿ. ತಮ್ಮ ಪ್ರಾಂತದ ಆಚೆ ಅವರು ಅದನ್ನು ತೊಡುವಂತಿಲ್ಲ.

ಒಳಗಿನ ವ್ಯವಸ್ಥೆ ಎಲ್ಲ ಧರ್ಮಕ್ಷೇತ್ರಗಳಲ್ಲೂ ಒಂದೇ ಬಗೆಯದು. ತಳದಲ್ಲಿ ಊರಿನ ಅಥವಾ ಬಡಾವಣೆಯ ಧರ್ಮಕೇಂದ್ರ (ಪ್ಯಾರಿಷ್), ಅಂಥ ಹಲವು ಸೇರಿ ವಲಯ. ಬಿಷಪ್ಪರ ಬಲಗೈ ಶ್ರೇಷ್ಠ ಗುರು (ವಿಕಾರ್ ಜನರಲ್), ಕಾಗದಪತ್ರಕ್ಕೆ ಚಾನ್ಸಲರ್, ಮದುವೆ ವ್ಯಾಜ್ಯಗಳಿಗೆ ಚರ್ಚಿನದೇ ನ್ಯಾಯಮಂಡಳಿ. ಹಣಕಾಸು ಸಮಿತಿ ಕಡ್ಡಾಯ. 75 ತುಂಬಿದ ಬಿಷಪ್ ರಾಜೀನಾಮೆ ಪತ್ರ ಕಳಿಸಬೇಕು. ಅದನ್ನು ಯಾವಾಗ ಒಪ್ಪುವುದು ಎನ್ನುವುದು ಪೋಪರಿಗೆ ಬಿಟ್ಟದ್ದು.

ಬಿಷಪ್ಪರ ಪೀಠವಿರುವ ಚರ್ಚೇ ಕೆಥೆಡ್ರಲ್, ನಮ್ಮಲ್ಲಿ ಪ್ರಧಾನಾಲಯ. ಮಠದವರು ‘ಪೀಠ’ ಎನ್ನುತ್ತಾರಲ್ಲ, ಲ್ಯಾಟಿನ್ನಿನ ‘ಕಥೆಡ್ರಾ’ ಕೂಡ ಕುರ್ಚಿಯೇ. ಬೆಂಗಳೂರಿನಲ್ಲಿ ಹೆಚ್ಚು ಜನ ಸೇರುವುದು ಶಿವಾಜಿನಗರದ ಸೇಂಟ್ ಮೇರೀಸ್ ಬೆಸಿಲಿಕಾದಲ್ಲಿ. ಆದರೆ ಕುರ್ಚಿ ಇರುವುದು ಕ್ಲೀವ್‌ಲ್ಯಾಂಡ್ ಟೌನಿನ ಸಂತ ಫ್ರಾನ್ಸಿಸ್ ಝೇವಿಯರ್ ಚರ್ಚಿನಲ್ಲಿ. ಇನ್ನೊಂದು ವಿಚಿತ್ರ: ಇದೇ ನಗರದ ಸಿರೋ ಮಲಬಾರ್ ಕ್ಯಾಥೊಲಿಕರು (ಕೇರಳ ಮೂಲದ, ಪೋಪರನ್ನೇ ಒಪ್ಪುವ ಬೇರೊಂದು ಕ್ಯಾಥೊಲಿಕ್ ಪಂಗಡದವರು) ಈ ಆರ್ಚ್‌ಬಿಷಪ್ಪರ ಲೆಕ್ಕಕ್ಕೇ ಬರುವುದಿಲ್ಲ. ಅವರ ಧರ್ಮಕ್ಷೇತ್ರದ ಹೆಸರು ಮಂಡ್ಯ.